ಮೂರು ಚದರ ಅಂಗುಲದ ಸುದ್ದಿ: ವಿವೇಕಾನಂದರ ಮೇಲಿನ ಅಪವಾದಕ್ಕೆ ಉತ್ತರ ಕಟ್ಟಿದ ಬಗೆ

1894ರ ಜೂನ್ 28ರಂದು ವಿವೇಕಾನಂದರು ಅಮೆರಿಕದಿಂದ ಮದ್ರಾಸಿನ ಶಿಷ್ಯರಿಗೊಂದು ಕಾಗದ ಬರೆದರು. ಊರಲ್ಲಿ ನಿಮ್ಮನ್ನು ಹಾಗೆ ಕೊಂಡಾಡುತ್ತಿದ್ದಾರೆ, ಹೀಗೆ ಕೊಂಡಾಡುತ್ತಿದ್ದಾರೆ ಎಂದು ಶಿಷ್ಯರು ಮೇಲಿಂದ ಮೇಲೆ ತಿಳಿಸುತ್ತಿದ್ದರು. ಆದರೆ ಸ್ವಾಮೀಜಿಯ ಕೈಗೆ ಬಂದು ಮುಟ್ಟಿದ ಭಾರತದ ಅಚ್ಚಿನ ಸುದ್ದಿ ಎಂದರೆ ಮದ್ರಾಸಿನ ಶಿಷ್ಯ ಅಳಸಿಂಗ ಪೆರುಮಾಳ್ ಕಳಿಸಿದ ಮೂರು ಚದರ ಅಂಗುಲದ ಒಂದು ತುಂಡು, ಅಷ್ಟೇ. ಅದೇ ಹೊತ್ತಿನಲ್ಲಿ ಭಾರತದಲ್ಲಿ ಅವರ ವಿರುದ್ಧ ಆಡಿದ್ದು, ಬರೆದದ್ದು ಎಲ್ಲವನ್ನೂ ಮಿಷನರಿಗಳು ಹೆಕ್ಕಿ ಹೆಕ್ಕಿ ಅಮೆರಿಕದಲ್ಲಿ ಅಚ್ಚು ಹಾಕಿಸುತ್ತಿದ್ದರು. ಅವರಿಗೆ ಆಶ್ರಯ ಕೊಟ್ಟವರ ಮನೆಬಾಗಿಲಿಗೇ ಹೋಗಿ ಈತನ ಸಹವಾಸ ಬಿಡಿ ಎನ್ನುತ್ತಿದ್ದರು. ಒಂದು ವರ್ಷವಾಯಿತು, ನನ್ನ ಪರವಾಗಿ ಒಂದು ದನಿಯೂ ಇಲ್ಲ ಎಂದು ಸ್ವಾಮೀಜಿ ನೊಂದು ಬರೆದರು.

ಪ್ರೀತಿಗೆ ಕೊರತೆ ಇರಲಿಲ್ಲ. ಮದ್ರಾಸಿನ ಹುಡುಗರು ಮನೆಮನೆ ತಿರುಗಿ ಚಂದಾ ಎತ್ತಿ ಅವರನ್ನು ಹಡಗು ಹತ್ತಿಸಿದ್ದರು. ಆದರೂ ಆ ಪ್ರೀತಿ ಖಾಸಗಿ ಕಾಗದಗಳಲ್ಲೇ ಉಳಿಯಿತು, ಅಪವಾದ ಬೀದಿಯಲ್ಲಿತ್ತು. ಗುರುವಿನ ಮೇಲೆ ಆಧಾರವಿಲ್ಲದ ಮಾತು ಬಂದಾಗ ಅದನ್ನು ತಡೆಯುವುದು ಬಹುಪಾಲು ಕಾಗದಪತ್ರದ ಕೆಲಸ. ಯಾರು ಏನೆಂದರು, ಅದಕ್ಕೆ ಯಾವ ಬಗೆಯ ಪುರಾವೆ ಬೇಕು, ಅದನ್ನು ಯಾರ ಕೈಲಿ ಬರೆಸಬೇಕು, ಯಾವ ವಿಳಾಸಕ್ಕೆ ಕಳಿಸಬೇಕು, ಎಷ್ಟು ಬೇಗ ಎಂಬ ಲೆಕ್ಕಾಚಾರ. 1894–95ರ ಆ ಪ್ರಸಂಗದಷ್ಟು ಸ್ಪಷ್ಟವಾಗಿ ಇದನ್ನು ತೋರಿಸುವ ಉದಾಹರಣೆ ನಮ್ಮಲ್ಲಿ ಇನ್ನೊಂದಿಲ್ಲ. ಅದರಲ್ಲಿ ನಮ್ಮ ನಾಡಿನ ಪಾಲೂ ಇದೆ.

ಅಪವಾದಗಳು ಹುಟ್ಟಿದ್ದು ಎರಡು ಕಡೆ. ಒಂದು, ಅಮೆರಿಕದ ಮಿಷನರಿ ವಲಯ. 1893ರ ಸೆಪ್ಟೆಂಬರಿನ ಸರ್ವಧರ್ಮ ಸಮ್ಮೇಳನದ ನಂತರ ಸ್ವಾಮೀಜಿ ಊರೂರು ಸುತ್ತಿ ಉಪನ್ಯಾಸ ಕೊಟ್ಟರು. 1894ರ ಫೆಬ್ರವರಿಯಲ್ಲಿ ಡೆಟ್ರಾಯಿಟ್‌ಗೆ ಬರುವ ಹೊತ್ತಿಗೆ, ಭಾರತದ ಬಗ್ಗೆ ಮಿಷನರಿಗಳು ಹರಡಿದ್ದ ಚಿತ್ರವನ್ನು ಅವರು ನೇರವಾಗಿ ಅಲ್ಲಗಳೆಯುತ್ತಿದ್ದರು. ಎದುರೇಟು ಅಲ್ಲಿಂದಲೇ ಬಿರುಸಾಯಿತು. ಎರಡನೆಯದು ಕಲ್ಕತ್ತೆ. ಬ್ರಾಹ್ಮಸಮಾಜದ ಮುಖಂಡ ಪ್ರತಾಪಚಂದ್ರ ಮಜುಂದಾರ್ ಅದೇ ಸಮ್ಮೇಳನದಲ್ಲಿ ಮಾತಾಡಿ ಬಂದವರು. ಊರಿಗೆ ಮರಳಿದ ಮೇಲೆ ವಿವೇಕಾನಂದರು ಅಮೆರಿಕದಲ್ಲಿ ಎಲ್ಲ ಪಾಪವನ್ನೂ ಮಾಡುತ್ತಿದ್ದಾರೆಂದು ಅವರು ಹೇಳುತ್ತಿರುವುದಾಗಿ ಸ್ವಾಮೀಜಿಗೆ ಸುದ್ದಿ ಮುಟ್ಟಿತು. ಶಿಕಾಗೋದ ಸ್ನೇಹಿತೆಗೆ ಆ ಏಪ್ರಿಲಿನಲ್ಲಿ ಬರೆದ ಕಾಗದದಲ್ಲಿ, ನನ್ನವರೇ ಏನೆಂದರೂ ನನಗೆ ಚಿಂತೆಯಿಲ್ಲ, ಆದರೆ ಊರಲ್ಲಿ ಬಾಳೆಲ್ಲ ನೊಂದ ಮುದಿ ತಾಯಿ ಇದ್ದಾಳೆ ಎಂದರು. ಅಪವಾದದ ನಿಜವಾದ ಪೆಟ್ಟು ಬೀಳುವುದು ಇಲ್ಲಿ. ಸನ್ಯಾಸಿ ನಿಂದೆ–ಸ್ತುತಿ ದಾಟಿರಬಹುದು. ಅವನ ತಾಯಿ, ಅವನಿಗೆ ಅನ್ನ ಹಾಕಿದ ಮನೆಯವರು, ಅವನನ್ನು ನಂಬಿ ಬಂದ ಎಳೆಯರು ದಾಟಿರುವುದಿಲ್ಲ.

ಆಗ ಆಡಿದ ಮಾತುಗಳನ್ನು ಬಿಡಿಸಿ ಇಟ್ಟು ನೋಡಬೇಕು. ಈತ ಯಾರ ಪ್ರತಿನಿಧಿಯೂ ಅಲ್ಲ, ಹಿಂದೂಗಳು ಈತನನ್ನು ಕಳಿಸಿಲ್ಲ ಎಂಬುದು ಒಂದು. ನಡತೆ ಸರಿಯಿಲ್ಲ ಎಂಬುದು ಎರಡು. ಸನ್ಯಾಸಿ ತಿನ್ನಬಾರದ್ದನ್ನು ತಿನ್ನುತ್ತಾನೆ ಎಂಬುದು ಮೂರು. ಶೂದ್ರನಿಗೆ ಸನ್ಯಾಸದ ಹಕ್ಕೆಲ್ಲಿದೆ ಎಂಬುದು ನಾಲ್ಕು. ಹಿಂದೂ ವಿಧವೆಯರ ಸ್ಥಿತಿಯ ಬಗ್ಗೆ ಸುಳ್ಳು ಹೇಳುತ್ತಾನೆ ಎಂಬುದು ಐದು. ಬ್ರೂಕ್ಲಿನ್ನಿನಲ್ಲಿ, ಹಿಂದೂ ವಿಧವೆಯರಿಗಾಗಿ ದುಡಿಯುತ್ತಿದ್ದ ಪಂಡಿತಾ ರಮಾಬಾಯಿ ಅವರ ಕೆಲಸಕ್ಕೆ ಹಣ ಕೂಡಿಸುತ್ತಿದ್ದ ಮಹಿಳಾ ಬಳಗ 1895ರಲ್ಲಿ ಈ ಐದನೆಯದನ್ನು ಎತ್ತಿಕೊಂಡಿತು.

ಭಕ್ತರು ಇವನ್ನೆಲ್ಲ ಒಂದೇ ಗಂಟು ಕಟ್ಟಿ ‘ನಮ್ಮ ಗುರುಗಳ ವಿರುದ್ಧ ಪಿತೂರಿ’ ಎಂದುಬಿಡುತ್ತಾರೆ. ಹೇಳಿಕೆಗಳು ಕೆಡುವುದು ಅಲ್ಲಿಯೇ. ಐದಕ್ಕೂ ಬೇಕಾದ ಪುರಾವೆ ಬೇರೆ ಬೇರೆ, ಅದನ್ನು ಕೊಡಬಲ್ಲವರೂ ಬೇರೆ ಬೇರೆ.

ನಡತೆಯ ಮಾತನ್ನು ನೋಡಿ. ಡೆಟ್ರಾಯಿಟ್‌ನಲ್ಲಿ ಸ್ವಾಮೀಜಿಯನ್ನು ಮನೆಯಲ್ಲಿ ಇಟ್ಟುಕೊಂಡವರು ಮಿಶಿಗನ್ ರಾಜ್ಯದ ಮಾಜಿ ಗವರ್ನರ್ ಜಾನ್ ಬ್ಯಾಗ್ಲಿಯವರ ವಿಧವೆ. ಸ್ವಾಮೀಜಿಯ ದೆಸೆಯಿಂದ ಆ ಮನೆಯ ಕೆಲಸದ ಹುಡುಗಿಯೊಬ್ಬಳನ್ನು ಬಿಡಿಸಬೇಕಾಯಿತು ಎಂಬ ಗಾಳಿಮಾತು ಹಬ್ಬಿತು. ಇದಕ್ಕೆ ಮದ್ರಾಸಿನಲ್ಲಿ ಹತ್ತು ಸಾವಿರ ಜನ ಸೇರಿ ಕೂಗಿದರೂ ಉಪಯೋಗವಿಲ್ಲ, ಏಕೆಂದರೆ ಆ ಮನೆಯಲ್ಲಿ ಏನು ನಡೆಯಿತೆಂದು ಅವರಿಗೆ ಗೊತ್ತಿಲ್ಲ. ಗೊತ್ತಿದ್ದವರು ಬ್ಯಾಗ್ಲಿ ಮನೆಯವರು. ಶ್ರೀಮತಿ ಬ್ಯಾಗ್ಲಿ 1894ರ ಜೂನ್ 22ರಂದೇ, ಸ್ವಾಮೀಜಿ ಮೂರು ವಾರಕ್ಕೂ ಹೆಚ್ಚು ಕಾಲ ತಮ್ಮ ಮನೆಯಲ್ಲಿ ಅತಿಥಿಯಾಗಿದ್ದರು ಎಂದು ತಿಳಿಸಿ, ಅವರ ನಡತೆಯನ್ನು ಹೊಗಳಿ ಬರೆದಿದ್ದರು. ಆ ಬೇಸಿಗೆಯಲ್ಲಿ ತಮ್ಮ ಕಡಲತೀರದ ಮನೆಗೂ ಅವರನ್ನು ಕರೆಸಿಕೊಂಡರು. ಗಾಳಿಮಾತು 1895ರಲ್ಲಿ ಮತ್ತೆ ಎದ್ದಾಗ ಆ ಮನೆಯವರೇ ಅದನ್ನು ಬರವಣಿಗೆಯಲ್ಲಿ ಅಲ್ಲಗಳೆದರು. ಯಾವ ಮನೆಯ ಹೆಸರು ಹಿಡಿದು ಸುಳ್ಳು ಹುಟ್ಟಿತೋ ಅದೇ ಮನೆಯ ಒಡತಿ, ಎಷ್ಟು ದಿನ ಕಣ್ಣಾರೆ ಕಂಡೆ ಎಂದು ಹೇಳಿ, ತನ್ನ ಹೆಸರಿನಲ್ಲೇ ಬರೆದಳು. ನಡತೆಯ ಆರೋಪಕ್ಕೆ ಇಂಥ ಒಂದು ಕಾಗದ ಸಾವಿರ ಸಹಿಗಿಂತ ತೂಕದ್ದು.

‘ಯಾರ ಪ್ರತಿನಿಧಿಯೂ ಅಲ್ಲ’ ಎಂಬ ಮಾತಿನ ಗುಣವೇ ಬೇರೆ. ಕಾಗದದ ಮಟ್ಟಿಗೆ ಅದು ನಿಜವಾಗಿತ್ತು! ಸ್ವಾಮೀಜಿ 1893ರ ಮೇ 31ರಂದು ಮುಂಬಯಿ ಬಿಟ್ಟಾಗ ಅವರ ಹತ್ತಿರ ಯಾವ ಸಂಸ್ಥೆಯ ಅಧಿಕೃತ ಪತ್ರವೂ ಇರಲಿಲ್ಲ. ಸಮ್ಮೇಳನಕ್ಕೆ ಪ್ರವೇಶ ಸಿಕ್ಕಿದ್ದು ಹಾರ್ವರ್ಡಿನ ಪ್ರೊಫೆಸರ್ ಜಾನ್ ಹೆನ್ರಿ ರೈಟ್ ಕೊಟ್ಟ ಪರಿಚಯ ಪತ್ರದಿಂದ. ಹೀಗೆ ನಿಜದ ಒಂದು ಎಳೆ ಒಳಗಿದ್ದಾಗ ‘ಶುದ್ಧ ಸುಳ್ಳು’ ಎನ್ನುವುದು ಬಲೆಗೆ ತಾನಾಗಿ ಕಾಲಿಟ್ಟಂತೆ. ಮೊದಲು ಇಲ್ಲದಿದ್ದ ಕಾಗದವನ್ನು ಈಗ ಹುಟ್ಟಿಸಿ ಕೊಡುವುದೊಂದೇ ಇದಕ್ಕೆ ಮದ್ದು. ಸ್ವಾಮೀಜಿ ಕೇಳಿದ್ದೂ ಅದನ್ನೇ.

1894ರ ಏಪ್ರಿಲ್ 9ರಂದು ಅಳಸಿಂಗರಿಗೆ ಬರೆದ ಕಾಗದ ಒಂದು ಕಾರ್ಯಸೂಚಿಯಂತಿದೆ. ಮದ್ರಾಸಿನ ಗಣ್ಯರನ್ನು ಕೂಡಿಸಿ ಸಭೆ ಮಾಡಿ. ನಿಮ್ಮನ್ನು ಕಳಿಸಿದ ಹಿಂದೂ ಸಮಾಜ ನಾವೇ, ನೀವು ಅಲ್ಲಿ ಧರ್ಮವನ್ನು ಹೇಳಿದ ರೀತಿ ನಮಗೆ ಪೂರ್ತಿ ಒಪ್ಪಿಗೆ ಎಂಬ ನಿರ್ಣಯ ಮಾಡಿ. ಸಭೆಯ ಉದ್ದೇಶವನ್ನು ಒಪ್ಪಿ ಮೈಸೂರು ಮಹಾರಾಜರಿಂದ, ದಿವಾನರಿಂದ, ಖೇತ್ರಿಯ ರಾಜರಿಂದ ಕಾಗದ ತರಿಸಿ. ನಿರ್ಣಯವನ್ನು ಶಿಕಾಗೋದ ಎರಡು ಪತ್ರಿಕೆಗೆ, ನ್ಯೂಯಾರ್ಕಿನ ಒಂದಕ್ಕೆ, ಡೆಟ್ರಾಯಿಟ್‌ನ ಒಂದಕ್ಕೆ ಕಳಿಸಿ. ಒಂದು ಪ್ರತಿ ಸಮ್ಮೇಳನದ ಅಧ್ಯಕ್ಷ ಡಾಕ್ಟರ್ ಬ್ಯಾರೋಸರಿಗೆ, ಒಂದು ಪ್ರತಿ ಶ್ರೀಮತಿ ಬ್ಯಾಗ್ಲಿಗೆ. ಬೇರೆ ಊರುಗಳಿಂದಲೂ ಬೆಂಬಲದ ಕಾಗದ ಕೂಡಿಸಿ, ಅಚ್ಚು ಹಾಕಿಸಿ, ಬೇಗ ಕಳಿಸಿ.

ವಿಳಾಸಗಳ ಆಯ್ಕೆಯನ್ನು ಗಮನಿಸಿ. ಯಾವ ಊರಲ್ಲಿ ಮಾತು ಹುಟ್ಟಿತೋ ಆ ಊರಿನ ಪತ್ರಿಕೆ, ಯಾರ ಮನ ಕದಡಬೇಕೆಂದು ಮಾತು ಹುಟ್ಟಿತೋ ಅವರ ಮನೆ, ಯಾರ ವೇದಿಕೆಯ ಮರ್ಯಾದೆ ಇದರಲ್ಲಿ ಸೇರಿತ್ತೋ ಆ ಅಧ್ಯಕ್ಷ. ಬ್ಯಾರೋಸ್ ಕ್ರೈಸ್ತ ಪಾದ್ರಿ. ಅವರ ಕೈಯಿಂದ ನಿರ್ಣಯ ಪತ್ರಿಕೆಗೆ ಹೋದರೆ ಮಿಷನರಿಗಳು ಅದನ್ನು ಅಲ್ಲಗಳೆಯುವುದು ಕಷ್ಟ.

ಮದ್ರಾಸಿನವರು ಸುಮ್ಮನೆ ಕೂತಿರಲಿಲ್ಲ. ಪಚ್ಚಯ್ಯಪ್ಪ ಸಭಾಂಗಣದಲ್ಲಿ ಏಪ್ರಿಲ್ 28ರಂದೇ ದೊಡ್ಡ ಸಭೆ ಆಯಿತು, ದಿವಾನ್ ಬಹದ್ದೂರ್ ಎಸ್. ಸುಬ್ರಹ್ಮಣ್ಯ ಅಯ್ಯರ್ ಅಧ್ಯಕ್ಷರು. ಏಪ್ರಿಲ್ 9ರ ಕಾಗದ ಹತ್ತೊಂಬತ್ತು ದಿನದಲ್ಲಿ ಮದ್ರಾಸು ಮುಟ್ಟುವ ಕಾಲವಲ್ಲ ಅದು. ಅಂದರೆ ಕೇಳುವ ಮೊದಲೇ ಶಿಷ್ಯರು ಕೆಲಸಕ್ಕೆ ಇಳಿದಿದ್ದರು. ಇದರ ಜೀವಾಳವಾಗಿದ್ದ ಅಳಸಿಂಗ ಹುಟ್ಟಿದ್ದು 1865ರಲ್ಲಿ, ಚಿಕ್ಕಮಗಳೂರಿನಲ್ಲಿ. ಮದ್ರಾಸಿನಲ್ಲಿ ಮೇಷ್ಟರಾಗಿದ್ದ, ಸಂಬಳದಲ್ಲೇ ದೊಡ್ಡ ಸಂಸಾರ ತೂಗಿಸುತ್ತಿದ್ದ ಮನುಷ್ಯ.

ಹಾಗಿದ್ದರೂ ಜೂನ್ ಕೊನೆಯಲ್ಲಿ ಸ್ವಾಮೀಜಿಗೆ ಒಂದು ದನಿಯೂ ಕೇಳಿರಲಿಲ್ಲ ಏಕೆ? ಸಭೆ ಆಯಿತು, ನಿರ್ಣಯವಾಯಿತು, ಆದರೆ ಅದು ಬೇಕಾದ ಜಾಗಕ್ಕೆ ಬೇಕಾದ ಹೊತ್ತಿಗೆ ಹೋಗಲಿಲ್ಲ. ವಿಳಾಸವೂ ಗೋಜಲು. ಜುಲೈ 11ರ ಕಾಗದದಲ್ಲಿ ಸ್ವಾಮೀಜಿ ಹೇಳುತ್ತಾರೆ: ಇನ್ನು ಶಿಕಾಗೋದ 541, ಡಿಯರ್‌ಬಾರ್ನ್ ಅವೆನ್ಯೂಗೆ ಬಿಟ್ಟು ಬೇರೆಲ್ಲಿಗೂ ಬರೆಯಬೇಡ, ನಿನ್ನ ಹಿಂದಿನ ಕಾಗದ ದೇಶವೆಲ್ಲ ಅಲೆದು ಬಂತು. ಅದು ಸ್ವಾಮೀಜಿಗೆ ಆಶ್ರಯ ಕೊಟ್ಟಿದ್ದ ಹೇಲ್ ದಂಪತಿಗಳ ಮನೆ, ಸ್ವಾಮೀಜಿಯ ಖಾಯಂ ಠಿಕಾಣಿ. ನಿರ್ಣಯವನ್ನು ಬ್ಯಾರೋಸರಿಗೆ ಕೃತಜ್ಞತೆಯ ಕಾಗದದೊಂದಿಗೆ ಕಳಿಸಿ ಪತ್ರಿಕೆಗಳಲ್ಲಿ ಹಾಕಿಸಲು ಕೇಳು, ‘ಯಾರ ಪ್ರತಿನಿಧಿಯೂ ಅಲ್ಲ’ ಎಂಬ ಮಾತಿಗೆ ಅದೇ ತಕ್ಕ ಉತ್ತರ ಎಂದು ಮತ್ತೊಮ್ಮೆ ಬಿಡಿಸಿ ಹೇಳಿ, ವ್ಯವಹಾರ ಕಲಿಯಪ್ಪಾ ಎನ್ನುತ್ತಾರೆ. ಗುರು ಶಿಷ್ಯನಿಗೆ ಹೇಳಿದ ಈ ಮಾತು ವೇದಾಂತದಷ್ಟೇ ಮುಖ್ಯ ಎಂದು ನಮ್ಮ ನಂಬಿಕೆ.

ಮದ್ರಾಸಿನ ಪ್ರಕಟಣೆಯ ಬಗ್ಗೆ ಬಾಸ್ಟನ್ನಿನ ಪತ್ರಿಕೆಯೊಂದರ ಸಂಪಾದಕೀಯ ನೋಡಿದೆ ಎಂದು ಸ್ವಾಮೀಜಿ ಬರೆದದ್ದು ಆಗಸ್ಟ್ 31ರಂದು. ಸಭೆಯಿಂದ ಸಂಪಾದಕೀಯಕ್ಕೆ ನಾಲ್ಕು ತಿಂಗಳು. ಅಷ್ಟು ಕಾಲವೂ ಅವರನ್ನು ಮನೆಗೆ ಕರೆದವರು ಅನುಮಾನದ ಕಾಗದಗಳನ್ನು ಓದುತ್ತಿದ್ದರು. ಆಮೇಲೆ ಸಾಲು ಹಿಡಿಯಿತು. ಆಗಸ್ಟ್ ಕೊನೆಯ ವಾರ ಬೆಂಗಳೂರಿನಲ್ಲಿ ದಿವಾನ್ ಶೇಷಾದ್ರಿ ಅಯ್ಯರ್ ಅಧ್ಯಕ್ಷತೆಯಲ್ಲಿ ಸಭೆ ನಡೆಯಿತು. 1892ರ ಕೊನೆಯಲ್ಲಿ ಅನಾಮಧೇಯ ಪರಿವ್ರಾಜಕನಾಗಿ ಬಂದಿದ್ದ ಸ್ವಾಮೀಜಿಯನ್ನು ಮನೆಯಲ್ಲಿರಿಸಿಕೊಂಡು, ಮಹಾರಾಜ ಚಾಮರಾಜೇಂದ್ರ ಒಡೆಯರಿಗೆ ಪರಿಚಯ ಮಾಡಿಸಿದವರು ಇದೇ ದಿವಾನರು. ಸೆಪ್ಟೆಂಬರ್ 5ರಂದು ಕಲ್ಕತ್ತೆಯ ಪುರಭವನದಲ್ಲಿ ರಾಜಾ ಪ್ಯಾರೀಮೋಹನ ಮುಖರ್ಜಿ ಅಧ್ಯಕ್ಷತೆಯಲ್ಲಿ ಸಭೆ ಸೇರಿತು. ಇದರ ತೂಕ ಹೆಚ್ಚು, ಏಕೆಂದರೆ ಮಜುಂದಾರರ ಊರು ಅದೇ, ನರೇಂದ್ರನನ್ನು ಚಿಕ್ಕಂದಿನಿಂದ ಕಂಡ ಊರೂ ಅದೇ. ಸ್ವಾಮೀಜಿಗೂ ಅಮೆರಿಕದ ಜನಕ್ಕೂ ಕೃತಜ್ಞತೆ ಹೇಳುವ ನಿರ್ಣಯಗಳಾದವು. ವಿರೋಧಿಗಳ ಮೇಲೆ ಹರಿಹಾಯುವ ಬದಲು ಆತಿಥ್ಯ ಕೊಟ್ಟವರಿಗೆ ವಂದನೆ ಹೇಳಿದ್ದರಿಂದಲೇ ಅಮೆರಿಕದ ಸಂಪಾದಕರು ಅದನ್ನು ಸಂಕೋಚವಿಲ್ಲದೆ ಅಚ್ಚು ಮಾಡಬಹುದಾಗಿತ್ತು.

ಸ್ವಾಮೀಜಿ ತಾವಾಗಿ ಮಾಡಿದ್ದೇನು? 1894ರ ಮೇ 24ರಂದು ಪ್ರೊಫೆಸರ್ ರೈಟರಿಗೆ ಖೇತ್ರಿಯ ಮಹಾರಾಜರ ಒಂದು ಕಾಗದ, ಜುನಾಗಢದ ಹಿಂದಿನ ದಿವಾನರ ಒಂದು ಕಾಗದ ಲಗತ್ತಿಸಿ ಕಳಿಸಿದರು. ನಿಮಗೆ ಸಮಾಧಾನ ಹೇಳುವುದು ನನ್ನ ಕರ್ತವ್ಯ, ಉಳಿದ ಲೋಕ ಏನೆನ್ನುತ್ತದೆಂಬ ಚಿಂತೆ ನನಗಿಲ್ಲ ಎಂದು ಬರೆದರು. ರೈಟ್ ತಮ್ಮ ಹೆಸರನ್ನು ಪಣಕ್ಕಿಟ್ಟು ಪರಿಚಯ ಪತ್ರ ಕೊಟ್ಟವರು. ಅವರಿಗೆ ದಾಖಲೆ ಕೇಳುವ ಹಕ್ಕಿತ್ತು. ಬೀದಿಗೆ ಆ ಹಕ್ಕಿಲ್ಲ. ಯಾರಿಗೆ ಉತ್ತರಿಸಬೇಕು, ಯಾರಿಗೆ ಬೇಕಿಲ್ಲ ಎಂಬ ಈ ಗೆರೆಯನ್ನು ಎಳೆದುಕೊಳ್ಳದ ಮಠಗಳು ಹಾದಿಹೋಕರ ಟೀಕೆಗೆಲ್ಲ ಉತ್ತರಿಸುತ್ತಾ, ನಿಜವಾಗಿ ಕೇಳಬೇಕಾದವರಿಗೆ ಏನೂ ಹೇಳದೆ ಉಳಿದುಬಿಡುತ್ತವೆ.

ಇನ್ನೊಂದು ಕಾಗದ 1895ರ ಸೆಪ್ಟೆಂಬರ್ 9ರದು, ಪ್ಯಾರಿಸಿನಿಂದ ಅಳಸಿಂಗರಿಗೆ. ಊಟದ ಮಾತು ಮತ್ತೆ ಎದ್ದಿತ್ತು. ನಾನು ಕಟ್ಟುನಿಟ್ಟಾಗಿ ಹಿಂದೂ ಊಟವನ್ನೇ ಮಾಡಬೇಕೆನ್ನುವವರು ಒಬ್ಬ ಅಡಿಗೆಯವನನ್ನೂ ಅವನನ್ನು ಸಾಕುವಷ್ಟು ದುಡ್ಡನ್ನೂ ಕಳಿಸಲಿ ಎಂದರು. ಅಂದರೆ ಊಟದ ವಿಷಯದಲ್ಲಿ ಊರಿನ ಕಟ್ಟಳೆ ಪಾಲಿಸುತ್ತಿದ್ದೇನೆ ಎಂಬ ಸುಳ್ಳು ಸಮರ್ಥನೆಗೆ ಅವರು ಹೋಗಲಿಲ್ಲ. ಅದೇ ಉಸಿರಿನಲ್ಲಿ, ಸನ್ಯಾಸಿಯ ಎರಡು ಮಹಾವ್ರತಗಳಾದ ಬ್ರಹ್ಮಚರ್ಯ ಮತ್ತು ಅಪರಿಗ್ರಹವನ್ನು ನಾನು ಮುರಿದೆನೆಂದು ಯಾರಾದರೂ ಅಂದರೆ ಅದು ದೊಡ್ಡ ಸುಳ್ಳೆಂದು ಹೇಳು ಎಂದರು. ಒಪ್ಪಬೇಕಾದ್ದನ್ನು ಒಪ್ಪಿದ್ದರಿಂದಲೇ ಅಲ್ಲಗಳೆದದ್ದಕ್ಕೆ ಬೆಲೆ ಬಂತು. ಜಾತಿಯ ಮಾತಿಗೂ ಹೀಗೆಯೇ. ಕಾಯಸ್ಥರ ಮನೆಯಲ್ಲಿ ಹುಟ್ಟಿದ್ದು ಸಂಗತಿ, ಅದನ್ನು ಮುಚ್ಚಿಡಲಿಲ್ಲ. 1897ರ ಫೆಬ್ರವರಿಯಲ್ಲಿ ಮದ್ರಾಸಿನ ವೇದಿಕೆಯಲ್ಲಿ, ಬ್ರಾಹ್ಮಣರೂ ಮಂತ್ರ ಹೇಳಿ ಹೂವಿಡುವ ಚಿತ್ರಗುಪ್ತನ ವಂಶ ನನ್ನದು ಎಂದು ಆ ಸಂಗತಿಯಿಂದ ಎಳೆದ ತೀರ್ಮಾನವನ್ನು ತಿರುಗಿಸಿ ಹಾಕಿದರು.

ಪ್ಯಾರಿಸಿನ ಆ ಕಾಗದದಲ್ಲೇ ಇಡೀ ವಿದ್ಯೆಯ ಸಾರವೂ ಇದೆ. ಹ್ಯೂಮ್ ಎಂಬ ಮಿಷನರಿಗೆ ನೇರವಾಗಿ ಬರೆದು ಕೇಳು ಎಂದರು: ಸ್ವಾಮೀಜಿಯಲ್ಲಿ ಯಾವ ದುರ್ನಡತೆಯನ್ನು ಕಂಡಿರಿ? ನೀವು ಕಾಣದಿದ್ದರೆ ನಿಮಗೆ ಹೇಳಿದವರ ಹೆಸರೇನು? ಅವರು ಕಣ್ಣಾರೆ ಕಂಡರೇ, ಕೇಳಿ ಹೇಳಿದರೇ? ಇಷ್ಟು ಕೇಳಿದರೆ ವಿಷಯ ಇತ್ಯರ್ಥವಾಗುತ್ತದೆ ಎಂದರು. ಬೈಗುಳವಿಲ್ಲ, ಬೆದರಿಕೆಯಿಲ್ಲ. ಆಧಾರವಿದ್ದವರು ಉತ್ತರಿಸುತ್ತಾರೆ, ಆಗ ವಿಚಾರಣೆಗೆ ಒಂದು ಗಟ್ಟಿ ಸಂಗತಿ ಸಿಗುತ್ತದೆ. ಇಲ್ಲದವರು ಉತ್ತರಿಸುವುದಿಲ್ಲ, ಆ ಮೌನವೂ ದಾಖಲೆಯಾಗುತ್ತದೆ.

ಇವತ್ತು ಅಪವಾದ ಹಬ್ಬಲು ಹಡಗು ಬೇಕಿಲ್ಲ, ಉಳಿದ ಕೆಲಸ ಹಾಗೆಯೇ ಇದೆ. ಮೊದಲ ದಿನವೇ ಆಡಿದ ಮಾತನ್ನು ಅಕ್ಷರಶಃ ಬರೆದಿಡಿ, ನಿಮ್ಮ ಮಾತಿನಲ್ಲಿ ಸಾರಾಂಶ ಮಾಡಬೇಡಿ. ವಿಡಿಯೊ ಆಗಿದ್ದರೆ ಪೂರ್ತಿ ಇಳಿಸಿಕೊಳ್ಳಿ, ಕೊಂಡಿ, ತಾರೀಖು, ಹೊತ್ತು ಗುರುತು ಹಾಕಿ, ಇಳಿಸಿಕೊಂಡ ಮೊಬೈಲನ್ನು ಬದಲಿಸದೆ ಇಟ್ಟುಕೊಳ್ಳಿ. ಬರಿಯ ಸ್ಕ್ರೀನ್‌ಶಾಟ್ ಹಿಡಿದು ಕೋರ್ಟಿಗೆ ಹೋದವರು ಅಲ್ಲಿ ಎಡವುತ್ತಾರೆ. ಭಾರತೀಯ ಸಾಕ್ಷ್ಯ ಅಧಿನಿಯಮ 2023ರ 63ನೇ ಕಲಮಿನ ಪ್ರಕಾರ ವಿದ್ಯುನ್ಮಾನ ದಾಖಲೆಯ ಜತೆ ಪ್ರಮಾಣಪತ್ರ ಬೇಕು, ಅದರಲ್ಲಿ ಫೈಲಿನ ಹ್ಯಾಶ್ ಮೌಲ್ಯವನ್ನೂ (ಫೈಲು ಬದಲಾಗಿಲ್ಲವೆಂದು ತೋರಿಸುವ ಗುರುತು ಸಂಕೇತ) ನಮೂದಿಸಬೇಕು.

ಸಾಕ್ಷಿ ಹೇಳಿಕೆ ಒಂದೇ ಪುಟದಲ್ಲಿರಲಿ: ಬರೆದವರು ಯಾರು, ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ ಎಲ್ಲಿದ್ದರು, ಏನನ್ನು ಕಂಡರು. ‘ಪೂಜ್ಯರು ದೇವರ ಸಮಾನ’ ಎಂಬ ಸಾಲು ಸೇರಿದ ಕೂಡಲೇ ಹೊರಗಿನವರ ಕಣ್ಣಲ್ಲಿ ಆ ಹೇಳಿಕೆ ಬೆಲೆ ಕಳೆದುಕೊಳ್ಳುತ್ತದೆ. ಹಣದ ಆರೋಪಕ್ಕೆ ಭಕ್ತರ ಮಾತು ಬೇಡವೇ ಬೇಡ, ಲೆಕ್ಕ ತಪಾಸಣೆಯ ವರದಿ ಬೇಕು.

ಕಾನೂನಿನ ಹಾದಿ ಹಿಡಿಯುವ ಮೊದಲು ಅದರ ತಿರುವುಗಳು ಗೊತ್ತಿರಬೇಕು. ಮಾನಹಾನಿ ಈಗ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮು. ಎರಡು ವರ್ಷದವರೆಗೆ ಸಾದಾ ಸಜೆ, ದಂಡ, ಅಥವಾ ಸಮುದಾಯ ಸೇವೆ. ಇದಕ್ಕೆ ಪೊಲೀಸರು ತಾವಾಗಿ ಎಫ್‌ಐಆರ್ ಹಾಕುವಂತಿಲ್ಲ, ಮ್ಯಾಜಿಸ್ಟ್ರೇಟರ ಮುಂದೆ ಖಾಸಗಿ ದೂರು ಕೊಡಬೇಕು. ಕೊಡುವವರು ‘ಬಾಧಿತ ವ್ಯಕ್ತಿ’ಯಾಗಿರಬೇಕು. ನನ್ನ ಗುರುವಿನ ನಿಂದೆಯಿಂದ ನನಗೆ ನೋವಾಯಿತು ಎಂದು ಹತ್ತು ಊರಿನ ಭಕ್ತರು ಹತ್ತು ದೂರು ಕೊಟ್ಟರೆ ಅವು ಈ ಮೊದಲ ಮೆಟ್ಟಿಲಲ್ಲೇ ಜಾರುವ ಸಂಭವ ಹೆಚ್ಚು. ಮೇಲಾಗಿ ಎದುರಾಳಿಯನ್ನು ಅಲೆದಾಡಿಸುವುದೇ ಉದ್ದೇಶ ಎಂಬ ಭಾವನೆ ನ್ಯಾಯಾಲಯಕ್ಕೂ ಜನಕ್ಕೂ ಬರುತ್ತದೆ. ನಷ್ಟಪರಿಹಾರದ ಸಿವಿಲ್ ದಾವೆಗೆ ಪ್ರಕಟವಾದ ದಿನದಿಂದ ಒಂದೇ ವರ್ಷ ಗಡುವು. ರಾಜಿ ಮಾತುಕತೆಯಲ್ಲಿ ಈ ವರ್ಷ ಕಳೆದುಹೋಗುವುದು ಬಹಳ ಸಲ ಆಗುತ್ತದೆ. ದಿನಪತ್ರಿಕೆಯ ವಿರುದ್ಧ ಪ್ರೆಸ್ ಕೌನ್ಸಿಲ್‌ಗೆ ಹೋಗುವುದಾದರೆ ಮೊದಲು ಸಂಪಾದಕರಿಗೆ ಬರೆದಿರಬೇಕು, ಎರಡು ತಿಂಗಳೊಳಗೆ ದೂರು ಕೊಡಬೇಕು. ಇನ್ನೊಂದು ಎಚ್ಚರ: ಉತ್ತರದ ಹೇಳಿಕೆಯಲ್ಲಿ ‘ಇವರು ದುಡ್ಡು ತಿಂದು ಮಾತಾಡುತ್ತಿದ್ದಾರೆ’ ಎಂದು ಪುರಾವೆಯಿಲ್ಲದೆ ಬರೆದರೆ ಅದೇ 356ನೇ ಕಲಮು ನಿಮ್ಮ ಕಡೆ ತಿರುಗುತ್ತದೆ.

ಇಷ್ಟೆಲ್ಲವೂ ಆಧಾರವಿಲ್ಲದ ಮಾತಿಗೆ. ಒಬ್ಬ ವ್ಯಕ್ತಿ ಮುಂದೆ ಬಂದು, ನನಗೆ ಹೀಗಾಯಿತು ಎಂದು ದಿನ, ಜಾಗ ಹೇಳಿ ದೂರು ಕೊಟ್ಟರೆ ಅದು ಗಾಳಿಮಾತಲ್ಲ. ಹ್ಯೂಮ್‌ಗೆ ಕೇಳಬೇಕೆಂದ ಪ್ರಶ್ನೆಗಳಿಗೆ ಅಲ್ಲಿ ಉತ್ತರ ಆಗಲೇ ಸಿಕ್ಕಿರುತ್ತದೆ, ಅದರ ಸತ್ಯಾಸತ್ಯ ತನಿಖೆಯಲ್ಲಿ ತಿಳಿಯಬೇಕು. ಆಗ ಸಭೆ, ನಿರ್ಣಯ, ಸಹಿ ಸಂಗ್ರಹ ಯಾವುದೂ ಸಲ್ಲದು. ಅವೆಲ್ಲ ದೂರುದಾರರ ಮೇಲಿನ ಒತ್ತಡವಾಗುತ್ತವೆ. ಲೈಂಗಿಕ ಅಪರಾಧದ ದೂರುದಾರರ ಗುರುತು ಬಯಲು ಮಾಡಿದರೆ ನ್ಯಾಯ ಸಂಹಿತೆಯ 72ನೇ ಕಲಮಿನಡಿ ಎರಡು ವರ್ಷದವರೆಗೆ ಸಜೆ ಇದೆ. ವಿಷಯ ಮಕ್ಕಳದ್ದಾದರೆ ಗೊತ್ತಾದ ಕೂಡಲೇ ಪೊಲೀಸರಿಗೆ ತಿಳಿಸುವುದು ಪೋಕ್ಸೊ ಕಾಯ್ದೆಯ ಪ್ರಕಾರ ಕಡ್ಡಾಯ, ತನ್ನ ಕೈಕೆಳಗಿನವರ ಕೃತ್ಯವನ್ನು ಮುಚ್ಚಿಟ್ಟ ಸಂಸ್ಥೆಯ ಮುಖ್ಯಸ್ಥರಿಗೆ ಒಂದು ವರ್ಷದವರೆಗೆ ಶಿಕ್ಷೆಯಾಗಬಹುದು.

ಅಂಥ ದಿನ ಮಠದಿಂದ ಹೊರಬೀಳಬೇಕಾದ ಕಾಗದ ನಾಲ್ಕೇ ಸಾಲಿನದು: ‘ದೂರು ನಮ್ಮ ಗಮನಕ್ಕೆ ಬಂದಿದೆ. ಆರೋಪವನ್ನು ಪೂಜ್ಯರು ಅಲ್ಲಗಳೆದಿದ್ದಾರೆ. ಆ ದಿನಗಳ ಹಾಜರಿ ಪುಸ್ತಕ, ಸಿಸಿಟಿವಿ ದಾಖಲೆ, ದೂರವಾಣಿ ವಿವರಗಳನ್ನು ತನಿಖೆಗೆಂದು ಕಾದಿರಿಸಿದ್ದೇವೆ. ದೂರುದಾರರ ಬಗ್ಗೆ ಭಕ್ತರು ಯಾರೂ ಎಲ್ಲಿಯೂ ಮಾತನಾಡಕೂಡದು.’ ಕೆಳಗೆ ತಾರೀಖು, ಕಾರ್ಯದರ್ಶಿಯ ಹೆಸರು, ಸಹಿ.